ಹ್ಯಾಡ್ ಬೀನ್ ಕಲಿತ ಮಳೆಗಾಲ

ಶ್ರಾವ್ಯಾ, ಸುಹಾಸಾ,

ಹೋದ ಭಾನುವಾರ ನೀವಿಬ್ಬರೂ ಚಾವಡಿಯಲ್ಲಿ ಪುಸ್ತಕ ಹರಡಿಕೊಂಡು ಜಗಳ ಮಾಡುತ್ತಿದ್ದಿರಿ. ಮಳೆ ಬರುವ ಮೊದಲು ಹುಡುಗರು ಆಡುತ್ತಾ ಇದ್ದರು ಎನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ನಾನು ಒಳಗೆ ಬಸಳೆ ದಂಟು ಕೊಯ್ಯುತ್ತಾ ಕೂತಿದ್ದವಳು ಬಾಯಿ ತಡೆಯಲಾರದೆ, "ಹ್ಯಾಡ್ ಬೀನ್ ಪ್ಲೇಯಿಂಗ್ ಅಂದ್ ಹಾಕ್ ಮಗಾ" ಅಂದೆ. ಸುಹಾಸ ಬಾಗಿಲಿಗೆ ಬಂದು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಮೂಲೆಯ ಫ್ರಿಜ್ಜು ಎದ್ದು ಮಾತಾಡಿತೇನೋ ಅನ್ನುವ ಹಾಗೆ.

"ಅಮ್ಮಮ್ಮ, ನಿಮ್ಗ್ ಇದ್ ಯಾರ್ ಹೇಳಿ ಕೊಟ್ರ್?"

"ಅದೊಂದ್ ದೊಡ್ ಕಥಿ."

"ಹಂಗಾರೆ ಹೇಳಿ ಕಾಂಬ."

ನಾನು ಹೇಳಲಿಲ್ಲ. ಎದುರಿಗೆ ಕೂತು ಮುಖ ನೋಡುವವರಿದ್ದರೆ ನನಗೆ ಮಾತು ಹೊರಡುವುದಿಲ್ಲ, ಅದು ಮೊದಲಿನಿಂದಲೂ ಹಾಗೆ. ಈಗ ನೀವು ಶಾಲೆಗೆ ಹೋಗಿದ್ದೀರಿ, ಬ್ರಹ್ಮಾವರದ ಈ ಮನೆ ನಿಶ್ಶಬ್ದವಾಗಿದೆ. ಬರೆದುಬಿಡುತ್ತೇನೆ.

ನಾನು ಕುಂದಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ ಎನ್ನುವುದು ನಿಮಗೆ ಗೊತ್ತು. ಆ ಆಸ್ಪತ್ರೆ ಈಗ ಇಲ್ಲ, ಅಲ್ಲಿ ಬಟ್ಟೆಯಂಗಡಿ ಬಂದಿದೆ. ಆ ಮಳೆಗಾಲದಲ್ಲಿ ನಿಮ್ಮ ಅಮ್ಮ ಕಾಲೇಜಿಗೆ ಹೋಗುತ್ತಿದ್ದಳು. ನಮ್ಮಲ್ಲಿದ್ದ ಡಾಕ್ಟರರು ಇಬ್ಬರು. ಆಸ್ಪತ್ರೆ ನಡೆಸುತ್ತಿದ್ದ ದೊಡ್ಡ ಡಾಕ್ಟರು ಕನ್ನಡದವರು. ಅವರು ವಾರಕ್ಕೊಮ್ಮೆ ಬೈಂದೂರಿನ ಕ್ಲಿನಿಕ್ಕಿಗೂ ಹೋಗುತ್ತಿದ್ದರು. ಇನ್ನೊಬ್ಬರು ಹೊಸದಾಗಿ ಬಂದ ಲೇಡಿ ಡಾಕ್ಟರು, ಈಶಾನ್ಯದ ಯಾವುದೋ ಗುಡ್ಡಗಾಡಿನವರು. ಬಹಳ ಚಿಕ್ಕ ಪ್ರಾಯ. ಕನ್ನಡ ಒಂದಕ್ಷರ ಬಾರದು. ವಾರ್ಡು ನೋಡಿಕೊಳ್ಳುವ ಹಿರಿಯ ಸಿಸ್ಟರು ಕೇರಳದವರು. ಅವರಿಗೆ ಕನ್ನಡ ಬರುತ್ತಿತ್ತು, ಆದರೆ ಸಿದ್ದಾಪುರ, ಅಮಾಸೆಬೈಲು ಕಡೆಯ ಮುದುಕರು ಬಾಯಿ ಬಿಟ್ಟರೆ ಅವರಿಗೂ ಅರ್ಧ ಮಾತ್ರ ತಿಳಿಯುತ್ತಿತ್ತು. ಹೀಗಾಗಿ ರೋಗಿಯ ಮಾತನ್ನು ನಾನು ಸಿಸ್ಟರಿಗೆ ಹೇಳುವುದು, ಸಿಸ್ಟರು ಅದನ್ನು ಡಾಕ್ಟರಿಗೆ ಹೇಳುವುದು ಎಂದಾಯಿತು. ಸಿಸ್ಟರು ಬೇರೆ ಕೆಲಸದಲ್ಲಿದ್ದಾಗ ನಾನೇ ಹೇಳಬೇಕಾಗುತ್ತಿತ್ತು. ಏಳನೆಯವರೆಗೆ ಓದಿದವಳ ಇಂಗ್ಲಿಷ್ ಎಷ್ಟಿರುತ್ತದೆ? ಫೀವರ್ ಕಮಿಂಗ್, ವಾಮಿಟ್ ಕಮಿಂಗ್, ಸ್ಲೀಪ್ ನಾಟ್ ಕಮಿಂಗ್. ನನ್ನ ಇಂಗ್ಲಿಷಿನಲ್ಲಿ ಎಲ್ಲವೂ ಬರುತ್ತಲೇ ಇತ್ತು, ಯಾವುದು ಮೊದಲು ಬಂತು, ಯಾವುದು ಆಮೇಲೆ ಎಂದು ಹೇಳಲು ಬರುತ್ತಿರಲಿಲ್ಲ.

ನಮ್ಮವರೂ ಹಾಗೆಯೇ. ಹೊಟ್ಟೆನೋವು ಎಂದು ಬಂದ ಒಬ್ಬರು ಹೆಂಗಸಿಗೆ ಯಾವಾಗಿಂದ ಎಂದು ಕೇಳಿದರೆ, "ಮೊದ್ಲಿಂದ ಹೇಳ್ತೆ ಕೇಣಿ. ನಮ್ ಹಟ್ಟಿ ದನ ಕರು ಹಾಕಿತ್ತಲ್ದಾ, ಅದ್ರ್ ಮರ್ದಿನ ನಾನ್ ತಂಗಿ ಮನಿಗ್ ಹೋಪುದಿದ್ದಿತ್ತ್. ಹೋಪುಕಾಯ್ಲಿಲ್ಲ. ಎಂತಕ್ಕಂದ್ರೆ..." ಎಂದು ಶುರುಮಾಡಿದರು. ಕಥೆ ಮುಗಿಯುವಾಗ ಡಾಕ್ಟರು ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದರು. ದನದಿಂದ ಹೊಟ್ಟೆಯವರೆಗಿನ ಕಥೆಯನ್ನು ನಾನು, "ಸ್ಟಮಕ್ ಪೇನ್ ಕಮಿಂಗ್" ಎಂದು ಮುಗಿಸಿದೆ. ನೋವು ಮೊದಲೋ ವಾಂತಿ ಮೊದಲೋ ಎಂದು ಅವರು ಕೇಳಿದರು. ನಾನು ಸೆರಗಿನ ತುದಿ ಸುತ್ತುತ್ತಾ ನಿಂತೆ. ಅವರು ಬೈಯಲಿಲ್ಲ. ಸಿಸ್ಟರ ಕಡೆ ತಿರುಗಿ ಮೆಲ್ಲಗೆ ಏನೋ ಹೇಳಿದರು.

ಅದೇ ಮಧ್ಯಾಹ್ನದಿಂದ ನನ್ನ ಪಾಠ ಶುರುವಾಯಿತು. ರೋಗಿಗಳ ಊಟ ಮುಗಿದ ಮೇಲೆ ಸಿಸ್ಟರೂ ನಾನೂ ಡ್ರೆಸಿಂಗ್ ಕೋಣೆಯಲ್ಲಿ ಕೂತು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಮಡಚುತ್ತಿದ್ದೆವು. ದೊಡ್ಡ ಸುರುಳಿಯಿಂದ ಕತ್ತರಿಸಿ, ಕತ್ತರಿಸಿದ ಅಂಚು ಒಳಗೆ ಹೋಗುವ ಹಾಗೆ ಮಡಚಬೇಕು. ಅಂಚು ಹೊರಗಿದ್ದರೆ ಅದರ ನೂಲು ಗಾಯದೊಳಗೆ ಉಳಿಯುತ್ತದೆ. ಮಡಚಿದ್ದನ್ನು ಸ್ಟೀಲ್ ಡ್ರಮ್ಮಿಗೆ ತುಂಬಿ ಬಿಸಿಯಾವಿಯ ಪೆಟ್ಟಿಗೆಗೆ ಇಡುವುದು. ಕೈಗೆ ಕೆಲಸವಿದ್ದರೆ ನನಗೆ ನಾಚಿಕೆ ಸ್ವಲ್ಪ ಕಡಿಮೆ. ಸಿಸ್ಟರು ಅದನ್ನು ಹೇಗೋ ಕಂಡುಹಿಡಿದಿದ್ದರು.

ನಮ್ಮಲ್ಲಿ ಡ್ರಿಪ್ ಬಾಟಲಿ ನೇತುಹಾಕುವ ಸ್ಟ್ಯಾಂಡುಗಳು ಸಾಲುತ್ತಿರಲಿಲ್ಲ. ಅದಕ್ಕೆ ಪ್ರತಿ ಮಂಚದ ತಲೆಯ ಮೇಲೆ ಗೋಡೆಗೆ ಒಂದು ಮೊಳೆ ಹೊಡೆದಿದ್ದರು. ಸಿಸ್ಟರು ಆ ಮೊಳೆ ತೋರಿಸಿ ಹೇಳಿದರು: "ಅಕ್ಕಾ, ರೋಗಿ ಎಷ್ಟು ಕಥೆ ಬೇಕಾದರೂ ಹೇಳಲಿ. ನೀವು ಮೊದಲು ಮೊಳೆ ಹುಡುಕಿ. ಬಿದ್ದದ್ದು, ಬೋಧ ತಪ್ಪಿದ್ದು, ಇಲ್ಲಿಗೆ ಬಂದದ್ದು, ಏನೋ ಒಂದು ಆಗಿ ಮುಗಿದದ್ದು. ಅದು ಮೊಳೆ. ಆಮೇಲೆ ಬಾಟಲಿ. ಆ ಮೊಳೆಗೆ ಮೊದಲು ಎಂತ ನಡೀತಾ ಇತ್ತು, ಎಷ್ಟು ಕಾಲದಿಂದ ನಡೀತಾ ಇತ್ತು? ಅದನ್ನು ನೇತುಹಾಕಿ. ಅದಕ್ಕೇ ಹ್ಯಾಡ್ ಬೀನ್."

"ಅದಕ್ಕ್ ಎಂತ ಅಂಬ್ರ್ ಸಿಸ್ಟರೇ?"

"ಪಾಸ್ಟ್ ಪರ್ಫೆಕ್ಟ್ ಕಂಟಿನ್ಯುವಸ್ ಟೆನ್ಸ್."

"ಅಯ್ಯಬ್ಬ! ಹೆಸರೇ ಇಷ್ಟ್ ಉದ್ದ, ನಂಗ್ ಹೇಳುಕ್ ಎಡುದಿಲ್ಲೆ."

"ಹೆಸರು ಬಿಡಿ. ಕರೆಂಟ್ ಹೋಯ್ತು. ಅದು ಮೊಳೆ. ಕರೆಂಟ್ ಹೋಗುವಾಗ ನೀವು ಎಂತ ಮಾಡ್ತಾ ಇದ್ದಿದ್ರಿ?"

"ಬಟ್ಟಿ ಮಡ್ಚ್ತಾ ಇದ್ದಿದ್ದೆ."

ಹೇಳಿ ಮುಗಿಸುವಷ್ಟರಲ್ಲಿ ನನಗೇ ಆಶ್ಚರ್ಯವಾಯಿತು. 'ಇದ್ದಿದ್ದೆ' ಎಂದು ನಾವು ದಿನಕ್ಕೆ ನೂರು ಸಲ ಹೇಳುವುದೇ ಅಲ್ಲವೆ? ಮನೆಯಲ್ಲೇ ಇದ್ದ ವಸ್ತುವನ್ನು ಪೇಟೆಯಲ್ಲಿ ಹುಡುಕಿದ ಹಾಗಾಯಿತು. ಆದರೂ ನಾಲಿಗೆಗೆ ಅದು ಸುಲಭವಾಗಿ ಬರಲಿಲ್ಲ. ಬಂದ ಮೇಲೆ ಬಿಡಲಿಲ್ಲ. ಕಂಡಕಂಡದ್ದಕ್ಕೆಲ್ಲ ಹ್ಯಾಡ್ ಬೀನ್ ಹಾಕತೊಡಗಿದೆ. ಒಂದು ಬೆಳಿಗ್ಗೆ ಡಾಕ್ಟರಿಗೆ ಚಾ ಕೊಡುತ್ತಾ, ಐ ಹ್ಯಾಡ್ ಬೀನ್ ಬ್ರಿಂಗಿಂಗ್ ಟೀ ಅಂದೆ. ಡಾಕ್ಟರು ಕಪ್ಪಿನೊಳಗೆ ಇಣುಕಿ ನೋಡಿದರು.

ಸಿಸ್ಟರು ನಗು ತಡೆಯಲಾರದೆ ಬಾಗಿಲಿಗೆ ಒರಗಿದರು. "ಮೊಳೆ ಎಲ್ಲಿ ಅಕ್ಕಾ? ಚಾ ತರ್ತಾ ಇದ್ದಿದ್ರಿ, ಸರಿ. ಆಮೇಲೆ ಎಂತ ಆಯ್ತು? ಜಾರಿ ಬಿದ್ರಾ? ನಾಯಿ ಬಂತಾ?"

ಅಂದಿನಿಂದ ಇಡೀ ಆಸ್ಪತ್ರೆಗೆ ನಾನು ಬೀನಕ್ಕ. ಔಷಧಿ ಕೊಡುವ ಕಿಟಕಿಯ ಹುಡುಗಿಯರು, "ಬೀನಕ್ಕ, ಉಂಡ್ರಿಯಾ?" ಎಂದು ಕೇಳುತ್ತಿದ್ದರು. ಈಗ ಆ ಹೆಸರಿನಿಂದ ಯಾರಾದರೂ ಕರೆದರೆ ನಾನು ಓಡಿಹೋಗಿ ಓಗೊಡುತ್ತೇನೆ. ಕರೆಯುವವರಿಲ್ಲ.

ಸಿಸ್ಟರು ದಿನವೂ ಒಂದೊಂದು ವಾಕ್ಯ ಮಾಡಿಸುತ್ತಿದ್ದರು. ರೋಗಿಗಳ ಬಗ್ಗೆ ನಾನು ಹೇಗೋ ಹೇಳುತ್ತಿದ್ದೆ. ಒಂದು ದಿನ, "ನಿಮ್ಮದೇ ಒಂದು ವಾಕ್ಯ ಹೇಳಿ ಅಕ್ಕಾ, ನಿಮ್ಮ ಮನೆಯದ್ದು" ಎಂದರು. ನನ್ನ ಮನೆಗೆ ಇದ್ದ ಮೊಳೆ ಒಂದೇ. ಅದಕ್ಕೆ ಏನು ನೇತುಹಾಕಬೇಕೆಂದು ತೋಚದೆ ಡ್ರಮ್ಮಿನ ಮುಚ್ಚಳ ಹಾಕಿ ಎದ್ದು ಹೋದೆ. ಅವರು ಮತ್ತೆ ಕೇಳಲಿಲ್ಲ.

ಓಣಂ ಬಂತು. ಸಿಸ್ಟರು ಊರಿಗೆ ಹೊರಟರು. ಬಸ್ಸು ಹತ್ತುವ ಮೊದಲು, "ಮೊಳೆ ಮರೀಬೇಡಿ" ಎಂದು ನಗುತ್ತಾ ಹೋದರು. ಅವರಿಲ್ಲದ ವಾರದಲ್ಲಿಯೇ ಕಡಲ ಬದಿಯ ಕೋಡಿ ಊರಿನ ಮೀನುಗಾರರೊಬ್ಬರನ್ನು ರಿಕ್ಷಾದಲ್ಲಿ ತಂದರು.

ನಡುಪ್ರಾಯದ ಗಟ್ಟಿ ಆಳು, ನಾಡದೋಣಿಯಲ್ಲಿ ದುಡಿಯುವವರು. ಬೆಳಿಗ್ಗೆ ಅಂಗಳದಲ್ಲಿ ತಲೆತಿರುಗಿ ಬಿದ್ದರಂತೆ. ಕಣ್ಣು ಅರಿಸಿನವಾಗಿತ್ತು. ಕರೆದರೆ ಕಣ್ಣು ತೆರೆಯುವರು, ಏನೇನೋ ಹೇಳುವರು, ಮತ್ತೆ ಮಂಪರು. ಜೊತೆಗೆ ಅವರ ಹೆಂಡತಿ ಮತ್ತು ತಾಯಿ. ಹೆಂಡತಿ ಮಂಚದ ಬದಿಯಲ್ಲಿ ನಿಂತು, "ಹ್ವಾಯ್, ನಾನ್ ಯಾರ್ ಹೇಳಿ ಕಾಂಬ" ಎಂದು ಕೇಳುತ್ತಿದ್ದರು. ಅವರು ಆಕೆಯನ್ನು ದೋಣಿಯಲ್ಲಿ ಜೊತೆಗಿರುವ ಯಾರದೋ ಹೆಸರಿನಿಂದ ಕರೆದು, ಹಗ್ಗ ಎಳೆ ಎಂದರು. ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದರು.

ಅಂದು ದೊಡ್ಡ ಡಾಕ್ಟರು ಬೈಂದೂರಿಗೆ ಹೋಗುವ ದಿನ. ಇದ್ದ ಇನ್ನೊಬ್ಬ ನರ್ಸು ಹೆರಿಗೆ ಕೋಣೆಯಿಂದ ಹೊರಗೆ ಬರುವ ಹಾಗಿರಲಿಲ್ಲ. ಲೇಡಿ ಡಾಕ್ಟರು ರಕ್ತ ತೆಗೆದರು, ನಾನು ಅದನ್ನು ಪಕ್ಕದ ರಸ್ತೆಯ ಲ್ಯಾಬಿಗೆ ಕೊಟ್ಟು ಬಂದೆ. ರಿಪೋರ್ಟು ಬಂದಾಗ ಅದನ್ನು ಎರಡು ಸಲ ಓದಿದರು. ಸೋಡಿಯಂ ಬಹಳ ಕಡಿಮೆ ಎಂದರು. ಅಂದರೆ ರಕ್ತದಲ್ಲಿ ಉಪ್ಪು ಇಳಿದಿದೆ. ನನಗೆ ತಿಳಿಯಲೆಂದು ಬಿಡಿಬಿಡಿ ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ವಿವರಿಸಿದರು. ಉಪ್ಪು ಒಂದೇ ದಿನದಲ್ಲಿ ಇಳಿದಿದ್ದರೆ ಬೇಗ ಏರಿಸಬೇಕು. ಹಲವು ದಿನಗಳಿಂದ ಮೆಲ್ಲಮೆಲ್ಲಗೆ ಇಳಿಯುತ್ತಾ ಬಂದಿದ್ದರೆ ಮೆಲ್ಲಮೆಲ್ಲಗೇ ಏರಿಸಬೇಕು. ಆಗ ಅವಸರ ಮಾಡಿದರೆ ಮೆದುಳು ಕೆಡುತ್ತದೆ, ಮನುಷ್ಯ ಉಳಿದರೂ ಏಳಲಾರ. ಯಾವಾಗಿನಿಂದ ಎಂದು ಗೊತ್ತಾಗಬೇಕು, ಇವರು ಏನಾದರೂ ಮದ್ದು ತೆಗೆದುಕೊಳ್ಳುತ್ತಿದ್ದರೋ ಕೇಳು ಎಂದರು.

ಹೋಗಿ ಕೇಳಿದೆ. ತಾಯಿ ತಲೆ ಅಲ್ಲಾಡಿಸಿದರು.

"ಮದ್ದೂ ಇಲ್ಲೆ, ಎಂತದೂ ಇಲ್ಲೆ."

"ಕಾಮಾಲೆ ಎಷ್ಟ್ ದಿನ ಆಯ್ತಮ್ಮ?"

"ಗೊತಿಲ್ಲೆ. ಇವತ್ತೇ ಕಂಡದ್."

ಹೆಂಡತಿ ಬಾಯಿ ತೆರೆದರು. ಅತ್ತೆ ಒಮ್ಮೆ ನೋಡಿದರು. ತೆರೆದ ಬಾಯಿ ಮುಚ್ಚಿತು.

ಡಾಕ್ಟರಿಗೆ ಬಂದು ನೋ ಮೆಡಿಸಿನ್ ಅಂದೆ. ಅವರು ನಂಬಲಿಲ್ಲ, ಇನ್ನೊಮ್ಮೆ ಕೇಳು ಎಂದರು. ಇನ್ನೊಮ್ಮೆ ಕೇಳಿದೆ. ಈ ಸಲ ಆ ತಾಯಿಗೆ ಸಿಟ್ಟು ಬಂತು. "ಎಂತಕ್ ಪೊಲೀಸ್ರ್ ಕಣಂಗ್ ಕೇಂತ್ರಿ? ನಿಮ್ಗ್ ಗುಣ ಮಾಡುಕ್ ಎಡುದಿಲ್ಲೆ ಅಂದ್ರೆ ಹೇಳಿ, ಮನಿಗ್ ಕರ್ಕಂಡ್ ಹೋತ್ತ್ ನಾವ್" ಎಂದು ಚೀಲ ಎತ್ತಿಕೊಂಡರು. ಡಾಕ್ಟರು ಬೈಂದೂರಿಗೆ ಫೋನು ಮಾಡಿ ಮಾತಾಡಿದರು. ದೊಡ್ಡ ಡಾಕ್ಟರು ಹೇಳಿದ್ದೂ ಅದೇ: ಯಾವಾಗಿನಿಂದ ಎಂದು ಮೊದಲು ತಿಳಿದುಕೊಳ್ಳಿ, ಅಲ್ಲಿಯವರೆಗೆ ಅವಸರ ಬೇಡ, ನಾನೂ ಹೊರಟೆ. ಡಾಕ್ಟರು ಉಪ್ಪಿನ ಬಾಟಲಿಯನ್ನು ಕೈಯಲ್ಲಿ ಹಿಡಿದು, ಮಂಚದ ಮೇಲಿನ ಮೊಳೆಯನ್ನು ನೋಡುತ್ತಾ ನಿಂತಿದ್ದರು. ಅಷ್ಟು ಚಿಕ್ಕ ಹುಡುಗಿ. ನಿಮ್ಮ ಅಮ್ಮನಿಗಿಂತ ಬಹಳ ದೊಡ್ಡವರೇನಲ್ಲ ಎಂದು ಆಗ ಅನ್ನಿಸಿತು.

ಅಷ್ಟರಲ್ಲಿ ಊಟದ ಹೊತ್ತಾಯಿತು. ಜೊತೆಯವರಿಗೂ ಗಂಜಿ ಕೊಡುವುದು ನಮ್ಮಲ್ಲಿ ವಾಡಿಕೆ. ಎರಡು ತಟ್ಟೆಯಲ್ಲಿ ಗಂಜಿ, ಬದಿಗೆ ಉಪ್ಪು, ಮಾವಿನ ಮಿಡಿ, ಸುಟ್ಟ ಒಣಮೀನಿನ ಚಟ್ನಿ ಇಟ್ಟು ತೆಗೆದುಕೊಂಡು ಹೋದೆ. ಹಸಿದಿದ್ದರು ಇಬ್ಬರೂ. ಸೊಸೆಯೇನೋ ಕೈ ಹಾಕಿದರು. ತಾಯಿ ಮಾತ್ರ ನಾನು ಉಪ್ಪು ಬಡಿಸುವ ಮೊದಲೇ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು.

"ಉಪ್ಪ್ ಬ್ಯಾಡ."

"ಒಣಮೀನಿನ್ ಚಟ್ನಿ?"

"ಅದೂ ಬ್ಯಾಡ."

ಕೋಡಿಯ ಮನೆಯವರು, ಹಸಿಮೀನು ಅಪರೂಪವಾದ ಮಳೆಗಾಲದಲ್ಲಿ, ಒಣಮೀನು ಬೇಡವೆಂದರು! ನಾನು ತಟ್ಟೆ ಹಿಡಿದು ಹಾಗೆಯೇ ನಿಂತೆ. ಆ ಅಡ್ಡ ಹಿಡಿದ ಅಂಗೈ ನನಗೆ ಗುರುತಿತ್ತು.

ಮಕ್ಕಳೇ, ನನ್ನ ಅಜ್ಜ ಅಮಾಸೆಬೈಲಿನಲ್ಲಿ ಕಾಮಾಲೆಗೆ ಬೇರು ಅರೆದು ಕೊಡುತ್ತಿದ್ದರು. ಅವರ ಕಟ್ಟು ಎರಡು. ಮದ್ದು ಕೊಟ್ಟದ್ದನ್ನು ಯಾರಿಗೂ ಹೇಳಬಾರದು, ಹೇಳಿದರೆ ಮದ್ದು ತಾಗುವುದಿಲ್ಲ. ಮತ್ತೆ ಪಥ್ಯ, ಅಂದರೆ ಮದ್ದು ಮುಗಿಯುವವರೆಗೆ ಉಪ್ಪು, ಹುಳಿ, ಎಣ್ಣೆ, ಮೀನು ಯಾವುದೂ ಇಲ್ಲ, ಬರೀ ತೆಳು ಗಂಜಿ ಮತ್ತು ಬೊಂಡದ ಎಳನೀರು. ಕೆಲವು ಮನೆಗಳಲ್ಲಿ ರೋಗಿಯ ಜೊತೆ ತಾಯಿಯೂ ಪಥ್ಯ ಹಿಡಿಯುತ್ತಿದ್ದಳು. ಮಗ ಸಪ್ಪೆ ಉಣ್ಣುವಾಗ ತಾಯಿಗೆ ಉಪ್ಪು ಹೇಗೆ ಇಳಿದೀತು ಎನ್ನುವ ಲೆಕ್ಕ. ಅಜ್ಜನ ಜಗಲಿಯಲ್ಲಿ ಅಂಥ ತಾಯಂದಿರನ್ನು ನಾನು ಎಷ್ಟೋ ನೋಡಿದ್ದೆ.

ನಾನು ಡಾಕ್ಟರ ಹತ್ತಿರ ಓಡಿ, ಇವರು ಮದ್ದು ತಿನ್ನಿಸುತ್ತಿದ್ದಾರೆ ಎಂದು ಹೇಳಿಬಿಡಬಹುದಿತ್ತು. ಹೋಗಲಿಲ್ಲ. ಹೇಳಿದರೆ ಅವರ ಕಟ್ಟನ್ನು ನಾನು ಮುರಿದ ಹಾಗೆ. ಮದ್ದು ತಾಗುವುದಿಲ್ಲವೆಂದು ಆ ತಾಯಿ ಮಗನನ್ನು ಎತ್ತಿಕೊಂಡೇ ಹೋದಾರು. ಅದೂ ಅಲ್ಲದೆ ಇನ್ನೂ ಎಷ್ಟು ದಿನದಿಂದ ಎನ್ನುವುದು ಸಿಕ್ಕಿಲ್ಲ, ಅದನ್ನು ಹೇಳಬೇಕಾದವರು ಅವರೇ. ಹೊಸಬರೊಡನೆ ನಾನಾಗಿ ಮಾತು ತೆಗೆದವಳಲ್ಲ. ಅಂದು ತಟ್ಟೆಯನ್ನು ಕೆಳಗಿಟ್ಟು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಅಮ್ಮ, ನಮ್ ಅಜ್ಜನೂ ಮದ್ ಕೊಡ್ತಾ ಇದ್ದಿದ್ರ್. ಅಮಾಸೆಬೈಲಂಗೆ. ನಾನ್ ಮದ್ದಿನ್ ಸುದ್ದಿ ಕೇಂಬುದಿಲ್ಲೆ. ನೀವ್ ಹೇಳುದೂ ಬ್ಯಾಡ."

ಅವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು.

"ಉಂಬುದ್ ಮಾತ್ರ ಹೇಳಿ. ಉಂಬುದ್ ಹೇಳುಕ್ ಅಡ್ಡಿಲ್ಲೆ ಅಲ್ದಾ? ಅಜ್ಜ ಅದನ್ನ್ ಎಲ್ರ್ ಎದ್ರೂ ಕೇಂತಿದ್ರ್. ಮಗ ಉಪ್ಪ್ ಬಿಟ್ಟದ್ ಯಾವತ್ತಿಂದ?"

ಆ ತಾಯಿ ಗಂಜಿಯನ್ನು ನೋಡುತ್ತಾ ಹೇಳಿದರು: "ನೂಲ ಹುಣ್ಮಿ ಮರ್ದಿನದಿಂದ."

ಹುಣ್ಣಿಮೆ ಕಳೆದು ಎಂಟನೆಯ ದಿನದ ಕೃಷ್ಣಾಷ್ಟಮಿ ಆಗಲೇ ಬಾಗಿಲಿಗೆ ಬಂದಿತ್ತು. ಅಂದರೆ ವಾರವಾಯಿತು.

"ನಡುವಲ್ಲಿ ಒಂದಿನನೂ ಉಪ್ಪ್ ಮುಟ್ಲಿಲ್ಯಾ?"

ಈಗ ಸೊಸೆ ತಡೆಯಲಿಲ್ಲ. "ಇಲ್ಲೆ ಅಕ್ಕ. ಸಮುದ್ರಪೂಜೆ ಆಯ್ತಲ್ದಾ, ದೋಣಿ ಎಲ್ಲ ಕಡ್ಲಿಗ್ ಇಳ್ಸಿರ್. ಬೇಗ ಗುಣ ಆಯ್ಕ್, ನಾನೂ ಹೋಯ್ಕ್ ಅಂದ್ ಇವ್ರ್ ಕಟ್ಟುನಿಟ್ಟ್. ಬೊಂಡ, ಬೊಂಡ, ಬೊಂಡ. ನೀರ್ ಗಂಜಿ. ಮೊನ್ನಿಂದ ತಲಿ ಭಾರ ಅಂತಿದ್ರ್. ಇವತ್ ಬಿದ್ರ್."

ಕಾರಿಡಾರಿನಲ್ಲಿ ನಡೆಯುತ್ತಾ ಬಾಯೊಳಗೆ ಜೋಡಿಸಿಕೊಂಡೆ. ಮೊಳೆ ಯಾವುದು? ಬಿದ್ದದ್ದು. ಬಾಟಲಿ ಯಾವುದು? ಸಪ್ಪೆ ಊಟ. ಡಾಕ್ಟರ ಮುಂದೆ ಬಂದಾಗ ಜೋಡಿಸಿದ್ದೆಲ್ಲ ಹಾರಿಹೋಯಿತು. "ನೋ ಸಾಲ್ಟ್" ಅಂದೆ, ಅಷ್ಟೇ.

ಡಾಕ್ಟರು ಕೇಳಿದರು. ಈಗ ಬೇಡ ಎನ್ನುತ್ತಿದ್ದಾರೆಯೆ? ವಾಂತಿ ಬಂದು ಊಟ ಬಿಟ್ಟದ್ದೊ? ಮೊದಲು ಮಂಪರು, ಆಮೇಲೆ ಉಪ್ಪು ಬಿಟ್ಟದ್ದೊ? ಯಾವುದು ಮೊದಲು? ಹೊಟ್ಟೆನೋವಿನ ಹೆಂಗಸಿನ ದಿನ ಕೇಳಿದ ಅದೇ ಪ್ರಶ್ನೆ. ನನ್ನ ಕೈ ಸೆರಗಿನ ತುದಿಯನ್ನು ಹುಡುಕುತ್ತಿತ್ತು. ಬದಿಯ ಮೇಜಿನ ಮೇಲೆ ಯಾರೋ ಅರ್ಧ ಬಿಟ್ಟುಹೋದ ಗಾಜ್ ಬಟ್ಟೆ ಇತ್ತು. ಅದರ ಒಂದು ತುಂಡನ್ನು ಎತ್ತಿಕೊಂಡು, ಅಂಚು ಒಳಗೆ ಹಾಕಿ ಮಡಚತೊಡಗಿದೆ. ಡಾಕ್ಟರ ಮುಖ ನೋಡದೆ, ಬಟ್ಟೆಯನ್ನೇ ನೋಡುತ್ತಾ ಹೇಳಿದೆ:

"ಹೀ ಹ್ಯಾಡ್ ಬೀನ್ ಈಟಿಂಗ್ ವಿದೌಟ್ ಸಾಲ್ಟ್ ಸಿನ್ಸ್ ಫುಲ್ ಮೂನ್. ಒನ್ ವೀಕ್. ಹೀ ಹ್ಯಾಡ್ ಬೀನ್ ಡ್ರಿಂಕಿಂಗ್ ಟೆಂಡರ್ ಕೋಕೊನಟ್, ಮಚ್, ಮಚ್. ದೆನ್ ಟುಡೇ ಹೀ ಫೆಲ್."

ಡಾಕ್ಟರು ಬೈಂದೂರಿನಿಂದ ಬರುವ ದಾರಿಯಲ್ಲಿದ್ದ ದೊಡ್ಡ ಡಾಕ್ಟರಿಗೆ ಫೋನು ಮಾಡಿ, ನಾನು ಹೇಳಿದ ವಾಕ್ಯವನ್ನೇ ಹೇಳಿದರು. ಫುಲ್ ಮೂನ್ ಎಂಬುದನ್ನೂ ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಮದ್ದು ಇದೆಯೆ ಎಂದು ಮತ್ತೆ ಕೇಳಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವರು ನಕ್ಕುಬಿಟ್ಟರು. ತಮ್ಮ ಊರಿನಲ್ಲಿ ಅವರ ಅಜ್ಜಿಯೂ ಹಾಗೆಯೇ ಎಂದರು. ಗುಡ್ಡದ ಸೊಪ್ಪು ಕೊಡುವರಂತೆ, ಹೆಸರು ಹೇಳಬಾರದಂತೆ. ನಮ್ಮ ಗುಡ್ಡಕ್ಕೂ ಅವರ ಗುಡ್ಡಕ್ಕೂ ಎಷ್ಟು ದೂರ! ಮದ್ದಿನ ವಿಷಯ ದೊಡ್ಡ ಡಾಕ್ಟರು ಬಂದು ಸಮಾಧಾನದಲ್ಲಿ ಕೇಳಿಕೊಳ್ಳಲಿ, ಈಗ ಇಷ್ಟು ಸಾಕು ಎಂದರು.

ಬಾಟಲಿ ಮೊಳೆಗೆ ಏರುವಾಗ ಇನ್ನೊಂದು ತಡೆ ಬಂತು. ಇದರಲ್ಲಿ ಇರುವುದು ಉಪ್ಪು ಎಂದು ಹೇಗೋ ತಿಳಿದು ತಾಯಿ ಮಗನ ಕೈ ಹಿಡಿದುಕೊಂಡು ಬಿಟ್ಟರು.

"ಬ್ಯಾಡ ಬ್ಯಾಡ! ಇಷ್ಟ್ ದಿನ ಹಿಡ್ದ್ ಪಥ್ಯ ಹಾಳ್ ಆತ್ತ್."

ಡಾಕ್ಟರು ಸೂಜಿ ಹಿಡಿದು ನನ್ನನ್ನು ನೋಡಿದರು. ಇದನ್ನು ಇಂಗ್ಲಿಷಿನಲ್ಲಿ ಹೇಳುವ ಶಕ್ತಿ ನನಗಿರಲಿಲ್ಲ, ಹೇಳಿ ಪ್ರಯೋಜನವೂ ಇರಲಿಲ್ಲ. ನಾನೇ ಉತ್ತರ ಕೊಡಬೇಕಿತ್ತು. ಅಜ್ಜ ಮದ್ದು ಕೊಡುವಾಗ ಹೇಳುತ್ತಿದ್ದ ಮಾತು ನೆನಪಿಗೆ ಬಂತು.

"ಅಮ್ಮ, ಮದ್ ಕೊಟ್ಟವ್ರ್ ನಿಮ್ಗ್ ಎಂತ ಕಟ್ಟುಕ್ ಹೇಳಿರ್?"

"ನಾಲ್ಗಿ ಕಟ್ಟ್ ಅಂದಿರ್."

"ನಮ್ ಅಜ್ಜನೂ ಹಂಗೇ ಅಂತಿದ್ರ್, ನಾಲ್ಗಿ ಕಟ್ಟ್ ಅಂದ್. ಇದ್ ನಾಲ್ಗಿ ಮುಟ್ಟುದಿಲ್ಲೆ ಕಾಣಿ. ಕೈಯಂಗೆ ಹೋತ್ತ್."

ಅವರು ಬಾಟಲಿ ನೋಡಿದರು, ನಳಿಗೆ ನೋಡಿದರು, ಮಗನ ಮುಚ್ಚಿದ ಬಾಯಿ ನೋಡಿದರು.

"ಹೌದಲೆ" ಎಂದರು. ಕೈ ಬಿಟ್ಟರು.

ಅಜ್ಜ ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ, ಈಗಲೂ ಗೊತ್ತಿಲ್ಲ. ಆ ಮಾತು ನನ್ನದೇ ಹೊಣೆ.

ಹನಿ ಬಹಳ ಮೆಲ್ಲಗೆ ಬೀಳಬೇಕಿತ್ತು. ನಮ್ಮ ಊರಿನವರಿಗೆ ಒಂದು ಚಾಳಿ ಉಂಟು, ಡ್ರಿಪ್ ಬೇಗ ಮುಗಿದರೆ ಬೇಗ ಮನೆಗೆ ಹೋಗಬಹುದೆಂದು ನಳಿಗೆಯ ಚಕ್ರವನ್ನು ತಾವೇ ತಿರುಗಿಸಿಬಿಡುವುದು. ಡಾಕ್ಟರು ನನ್ನನ್ನು ಅಲ್ಲಿಯೇ ಕೂರಿಸಿದರು. ಆ ತಾಯಿ ಆಗಾಗ, "ಹ್ವಾಯ್, ಸ್ವಲ್ಪ್ ಜೋರ್ ಬಿಡಿ ಮಾರಾಯ್ರೆ, ಇದ್ ನಮ್ ಮನಿ ಮಾಡಿನ್ ಸೋರಿಕಿಗಿಂತ ನಿಧಾನ ಇತ್ತಲೆ" ಎನ್ನುತ್ತಿದ್ದರು. ನಾನು ಚಕ್ರದ ಮೇಲೆ ಕೈ ಇಟ್ಟುಕೊಂಡೇ ಕೂತೆ. ದೊಡ್ಡ ಡಾಕ್ಟರು ಬಂದು ನೋಡಿ, ಇದೇ ಲೆಕ್ಕದಲ್ಲಿ ಹೋಗಲಿ ಎಂದರು. ಹೊರಗೆ ಮಳೆ ಜೋರಾಗಿ ಸುರಿಯುತ್ತಿತ್ತು, ಒಳಗೆ ಹನಿ ಹನಿ. ಅಷ್ಟು ನಿಧಾನವಾಗಿ ಯಾವುದನ್ನೂ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಬರುವಾಗ ಅವರು ದಿಂಬಿಗೆ ಒರಗಿ ಕೂತಿದ್ದರು. ಹೆಂಡತಿಯನ್ನು ಹೆಸರು ಹಿಡಿದು ಕರೆದು, "ದೋಣಿ ಹೋಯ್ತಾ?" ಎಂದು ಕೇಳಿದರಂತೆ.

"ದೋಣಿ ಹೋಯ್ತ್. ನೀವ್ ಉಳ್ದ್ರಿ" ಎಂದು ಆಕೆ ಬೈದರಂತೆ. ಬೈಯುತ್ತಲೇ ಅಳುತ್ತಿದ್ದರು. ತಾಯಿ ಮೂಲೆಯಲ್ಲಿ ಕೂತು ತಮ್ಮ ಗಂಜಿಗೆ ತಾವೇ ಉಪ್ಪು ಹಾಕಿಕೊಳ್ಳುತ್ತಿದ್ದರು. ನನ್ನನ್ನು ಕಂಡು, ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ನಕ್ಕರು.

ಓಣಂ ಮುಗಿಸಿ ಬಂದ ಸಿಸ್ಟರಿಗೆ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಬಿಚ್ಚುವ ಮೊದಲೇ ಎಲ್ಲರೂ ಕಥೆ ಹೇಳಿದರು. ಮಧ್ಯಾಹ್ನ ಗಾಜ್ ಬಟ್ಟೆ ಮಡಚುವಾಗ ಅವರು, "ಬೀನಕ್ಕಾ" ಎಂದರು, ಅಷ್ಟೇ. ಆಗ ನಾನಾಗಿಯೇ ನನ್ನ ಬಾಕಿ ಇದ್ದ ವಾಕ್ಯವನ್ನು ಹೇಳಿದೆ. ನಿಮ್ಮ ಅಜ್ಜನದು.

ನಿಮ್ಮ ಅಜ್ಜನನ್ನು ನೀವು ನೋಡಿದವರಲ್ಲ. ಅವರ ಬಗ್ಗೆ ಯಾರು ಮಾತಾಡಿದರೂ ಎದೆನೋವು ಬಂದದ್ದು, ತೀರಿಕೊಂಡದ್ದು, ಅಷ್ಟನ್ನೇ ಹೇಳುತ್ತಾರೆ. ನಾನೂ ಅಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದೆ. ಅದಕ್ಕೆ ಮೊದಲು ಏನು ನಡೆಯುತ್ತಾ ಇತ್ತು ಎಂದು ಯಾರೂ ಕೇಳಲಿಲ್ಲ, ನನಗೂ ಹೇಳಲು ತೋಚಿರಲಿಲ್ಲ. ಆ ಬೆಳಿಗ್ಗೆ ಅವರು ಅಂಗಳದ ಮಾವಿನ ಕೊಂಬೆಗೆ ನಿಮ್ಮ ಅಮ್ಮನಿಗೆಂದು ಉಯ್ಯಾಲೆ ಕಟ್ಟುತ್ತಾ ಇದ್ದಿದ್ದರು. ಒಂದು ಬದಿಯ ಹಗ್ಗ ಕಟ್ಟಿ, ತಾವೇ ಜೋತು ಗಟ್ಟಿಯಿದೆಯೋ ಎಂದು ನೋಡಿ, ಇನ್ನೊಂದು ಬದಿ ಕಟ್ಟುತ್ತಾ ಇದ್ದಿದ್ದರು. ನಿಮ್ಮ ಅಮ್ಮ ಕೆಳಗೆ ನಿಂತು, "ಬೇಗ ಅಪ್ಪಯ್ಯ, ಬೇಗ" ಎನ್ನುತ್ತಾ ಇದ್ದಿದ್ದಳು. ಅವರು ಮೇಲಿನಿಂದ ಹುಸಿಸಿಟ್ಟು ಮಾಡುತ್ತಾ ನಗುತ್ತಾ ಇದ್ದಿದ್ದರು. ಸಿಸ್ಟರು ಅದನ್ನು ಇಂಗ್ಲಿಷಿನಲ್ಲಿ ಹೇಳಿಸಿದರು. ಒಂದು ತಪ್ಪೂ ಇರಲಿಲ್ಲ.

ಸುಹಾಸಾ, ನಿನಗೆ ಹೇಳಬೇಕಿದ್ದದ್ದು ಇದು. ಶ್ರಾವ್ಯಾ, ನಿನ್ನ ಅಮ್ಮನಿಗೆ ಆ ಉಯ್ಯಾಲೆ ನೆನಪಿದೆಯೋ ಇಲ್ಲವೋ, ನಾನು ಕೇಳಿಲ್ಲ. ಓದಿದ ಮೇಲೆ ನೀನು ಕೇಳು.

ಈ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಕೋಣೆಯ ಕಪಾಟಿನ ಮೇಲಿನ ಹಂತದಲ್ಲಿ ಇಡಿ. ಅಡುಗೆಮನೆಯಲ್ಲಿ ಮಾತ್ರ ಬೇಡ. ಅಲ್ಲಿ ಉಪ್ಪಿನ ಭರಣಿ ಇದೆ, ಮಳೆಗಾಲದಲ್ಲಿ ಅದು ನೀರು ಬಿಡುತ್ತದೆ, ಅಕ್ಷರ ಅಳಿಸಿಹೋದೀತು.